ಮುಂಡರಗಿ ಭೀಮರಾಯ

ಮುಂಡರಗಿ ಭೀಮರಾಯ (ಮರಣ: 1 ಜೂನ್ 1858) ಬ್ರಿಟಿಷ್ ಆಡಳಿತದ ವಿರುದ್ಧ 1858ರಲ್ಲಿ ಮುಂಡರಗಿ, ಡಂಬಳ ಮತ್ತು ಕೊಪ್ಪಳ ಸೀಮೆಯಲ್ಲಿ ನಡೆದ ಸಶಸ್ತ್ರ ಬಂಡಾಯದ ನಾಯಕ. ವತನದಾರ ಮನೆತನದಲ್ಲಿ ಹುಟ್ಟಿ, ಸರ್ಕಾರದ ಕಂದಾಯ ಅಧಿಕಾರಿಯಾಗಿ ದುಡಿದು, ಕೊನೆಗೆ ಅದೇ ಸರ್ಕಾರದ ಎದುರು ಶಸ್ತ್ರ ಹಿಡಿದು ಕೊಪ್ಪಳದ ಕೋಟೆಯಲ್ಲಿ ಮಡಿದನು. ಮುಂಡರಗಿ ಇಂದು ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿದೆ. ಭೀಮರಾಯನನ್ನು ಭೀಮರಾವ್ ಎಂದೂ ಬರೆಯುವುದುಂಟು.

ಹಿನ್ನೆಲೆ

ಭೀಮರಾಯ ಮುಂಡರಗಿಯ ನಾಡಗೀರ ಮನೆತನದ ಬ್ರಾಹ್ಮಣ. ವಿದ್ಯಾವಂತನಾಗಿದ್ದ ಅವನು ಬಳ್ಳಾರಿ ಸೀಮೆಯಲ್ಲಿ ಬ್ರಿಟಿಷರ ಅಡಿಯಲ್ಲಿ ಮಾಮಲೇದಾರನಾಗಿದ್ದನು. ಅನಂತರ ಆ ಹುದ್ದೆಯಿಂದ ಅವನನ್ನು ತೆಗೆಯಲಾಯಿತು. ಬ್ರಿಟಿಷ್ ಕಾಲದ ಬರಹಗಳು ಅವನ ಬಂಡಾಯವನ್ನು ಕೆಲಸ ಕಳೆದುಕೊಂಡ ಅಧಿಕಾರಿಯ ಅಸಮಾಧಾನದೊಂದಿಗೆ ಜೋಡಿಸುತ್ತವೆ. ಆದರೆ ಹಮ್ಮಿಗಿಯ ದೇಸಾಯಿ ಕೆಂಚನಗೌಡ ಮೊದಲಾದವರು ಅವನ ಜೊತೆಗೂಡಿದುದಕ್ಕೆ ಇದೊಂದೇ ಕಾರಣ ಸಾಲದು.

ಅಂದಿನ ರಾಜಕೀಯ ವಿಭಾಗ

ಈಗಿನ ಗದಗ ಮತ್ತು ಕೊಪ್ಪಳ ಜಿಲ್ಲೆಗಳ ಪ್ರದೇಶವು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಗದಗ, ಡಂಬಳ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿಯೂ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿಯೂ ಇದ್ದವು. ಪೂರ್ವದ ಕೊಪ್ಪಳವು ಹೈದರಾಬಾದಿನ ಸಾಲಾರ್‌ಜಂಗ್ ಮನೆತನದ ಜಹಗೀರಾಗಿತ್ತು. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಒಂದೇ ಭಾಷೆಯನ್ನಾಡುವ ಜನ ಒಂದು ದಿನದ ನಡಿಗೆಯಲ್ಲಿ ಎರಡು ಮೂರು ಆಡಳಿತಗಳ ಗಡಿ ದಾಟುತ್ತಿದ್ದರು. ಬಂಡಾಯಗಾರರಿಗೆ ಇದು ಅನುಕೂಲವೂ ಆಗಿತ್ತು, ತೊಡಕೂ ಆಗಿತ್ತು.

ಬಂಡಾಯದ ಕಾರಣಗಳು

1852ರ ಇನಾಮ್ ಕಮಿಷನ್ ಕಾಯಿದೆಯಂತೆ ಹಳೆಯ ಇನಾಮು ಭೂಮಿಗಳ ಹಕ್ಕುಪತ್ರಗಳನ್ನು ಪರಿಶೀಲಿಸಿ, ಸರಿಯಾದ ದಾಖಲೆ ಇಲ್ಲದವರಿಂದ ಭೂಮಿಯ ಹಕ್ಕನ್ನು ಕಸಿದುಕೊಳ್ಳಲಾಯಿತು. ತಲೆಮಾರುಗಳಿಂದ ಭೂಮಿಯನ್ನು ಅನುಭವಿಸಿಕೊಂಡು ಬಂದ ದೇಸಾಯಿ, ದೇಶಪಾಂಡೆ, ನಾಡಗೌಡ ಮನೆತನಗಳು ಇದರಿಂದ ಕಂಗೆಟ್ಟವು. ದತ್ತು ಮಕ್ಕಳಿಗೆ ಹಕ್ಕು ನಿರಾಕರಿಸುವ ನೀತಿಯಿಂದ ನರಗುಂದದ ಅರಸ ಭಾಸ್ಕರರಾವ್ (ಬಾಬಾಸಾಹೇಬ) ಮುನಿದಿದ್ದನು. 1857ರಲ್ಲಿ ಬಂದ ನಿಃಶಸ್ತ್ರೀಕರಣದ ಆಜ್ಞೆಯು ಸಾಮಾನ್ಯರನ್ನೂ ಕೆರಳಿಸಿತು. ಶಸ್ತ್ರ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರನ್ನು ಅದೇ ವರ್ಷದ ನವೆಂಬರಿನಲ್ಲಿ ಸೈನ್ಯ ಕಳಿಸಿ ಅಡಗಿಸಲಾಯಿತು. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪನಾಯಕನ ಸುರಪುರವೂ ಬ್ರಿಟಿಷರ ವಶವಾಯಿತು.

1858ರ ಮೇ ತಿಂಗಳ ಘಟನೆಗಳು

ಭೀಮರಾಯ, ಕೆಂಚನಗೌಡ ಮತ್ತು ನರಗುಂದದ ಬಾಬಾಸಾಹೇಬರ ನಡುವೆ ಸಂಪರ್ಕವಿತ್ತು. ಒಂದೇ ಹೊತ್ತಿಗೆ ದಂಗೆ ಏಳುವ ಆಲೋಚನೆ ಇತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ತುಂಗಭದ್ರಾ ತೀರದ ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಶಸ್ತ್ರಾಸ್ತ್ರಗಳು ಅಧಿಕಾರಿಗಳ ಕಣ್ಣಿಗೆ ಬಿದ್ದು, ಅವುಗಳಿಗೆ ಕಾವಲು ಹಾಕಲಾಯಿತು. ಇನ್ನು ಕಾಯುವಂತಿರಲಿಲ್ಲ. ಮೇ 24ರಂದು ಭೀಮರಾಯ ಮತ್ತು ಕೆಂಚನಗೌಡರು ಕಾವಲಿನವರನ್ನು ಸೋಲಿಸಿ ಶಸ್ತ್ರಗಳನ್ನು ವಶಪಡಿಸಿಕೊಂಡರು. ಬಳಿಕ ಡಂಬಳದ ಸರ್ಕಾರಿ ಖಜಾನೆಯನ್ನು ಕೈವಶ ಮಾಡಿಕೊಂಡರು.

ಈ ಸುದ್ದಿ ಹರಡುತ್ತಲೇ ಸಂಸ್ಥಾನಗಳ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನರಗುಂದವನ್ನು ಹತೋಟಿಯಲ್ಲಿಡಲು ಧಾವಿಸಿದನು. ಹಿಂದೆ ಇನಾಮ್ ಕಮಿಷನ್ನಿನ ಕೆಲಸದಲ್ಲಿ ತೊಡಗಿದ್ದ ಈ ಅಧಿಕಾರಿಯನ್ನು ಮೇ 29ರ ರಾತ್ರಿ ಸುರಿಬಾನದಲ್ಲಿ ನರಗುಂದದವರು ಕೊಂದರು.

ಕೊಪ್ಪಳ ಕೋಟೆಯ ಕಾಳಗ

ಮೇ ಕೊನೆಯಲ್ಲಿ ಭೀಮರಾಯನ ಪಡೆ ಗಡಿ ದಾಟಿ ಕೊಪ್ಪಳದ ಕೋಟೆಯನ್ನು ಹಿಡಿಯಿತು. ಬಂಡೆಗುಡ್ಡದ ಮೇಲಿರುವ ಈ ಕೋಟೆಯನ್ನು ಟಿಪ್ಪು ಸುಲ್ತಾನ ಬಲಪಡಿಸಿದ್ದನು. 1790ರಲ್ಲಿ ನಿಜಾಮ ಮತ್ತು ಬ್ರಿಟಿಷರ ಸೈನ್ಯಗಳು ಇದನ್ನು ತಿಂಗಳುಗಟ್ಟಲೆ ಮುತ್ತಬೇಕಾಯಿತು. 1819ರಲ್ಲಿ ವೀರಪ್ಪನೆಂಬ ಜಮೀನ್ದಾರನೂ ದಂಗೆಯೆದ್ದು ಇದೇ ಕೋಟೆಯನ್ನು ಹಿಡಿದಿದ್ದನು.

ಆದರೆ ಭೀಮರಾಯನಿಗೆ ಕೋಟೆಯನ್ನು ಸಜ್ಜುಗೊಳಿಸಲು ಕಾಲಾವಕಾಶ ಸಿಗಲಿಲ್ಲ. ಬಳ್ಳಾರಿಯ ಕಡೆಯಿಂದ ಮೇಜರ್ ಹ್ಯೂಸ್ ಸೈನ್ಯದೊಂದಿಗೆ ಬಂದು ಜೂನ್ 1ರಂದು ಕೋಟೆಯನ್ನು ಗೆದ್ದುಕೊಂಡನು. ಭೀಮರಾಯ ಮತ್ತು ಕೆಂಚನಗೌಡ ಇಬ್ಬರೂ ಹೋರಾಡುತ್ತ ಮಡಿದರು. ಸೆರೆ ಸಿಕ್ಕ ಅನೇಕರಿಗೆ ಮರಣದಂಡನೆ ವಿಧಿಸಲಾಯಿತು. ಅದೇ ದಿನ ಕರ್ನಲ್ ಮಾಲ್ಕಂನ ಪಡೆ ನರಗುಂದವನ್ನು ತಲುಪಿತ್ತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬ ಮರುದಿನ ಸೆರೆ ಸಿಕ್ಕನು. ಜೂನ್ 12ರಂದು ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಮಹತ್ವ

ಹಮ್ಮಿಗಿಯಿಂದ ಕೊಪ್ಪಳದವರೆಗೆ ಬಂಡಾಯ ನಡೆದದ್ದು ಕೇವಲ ಒಂಬತ್ತು ದಿನ. ಅದರ ಸೋಲಿಗೆ ಧೈರ್ಯದ ಕೊರತೆ ಕಾರಣವಲ್ಲ. ಹಲಗಲಿ, ಸುರಪುರ, ಮುಂಡರಗಿ, ನರಗುಂದಗಳು ಒಟ್ಟಿಗೆ ಏಳದೆ ಒಂದರ ಹಿಂದೆ ಒಂದರಂತೆ ಎದ್ದವು. ಆದ್ದರಿಂದ ಬ್ರಿಟಿಷರು ಅವುಗಳನ್ನು ಒಂದೊಂದಾಗಿ ಎದುರಿಸಲು ಸಾಧ್ಯವಾಯಿತು. ಬಂಡಾಯಗಾರರನ್ನು ದೂರವಿರಿಸಿದ ಗಡಿಗಳು ಬ್ರಿಟಿಷ್ ಸೈನ್ಯಕ್ಕೆ ಅಡ್ಡಿಯಾಗಲಿಲ್ಲ: ಒಂದು ಪಡೆ ಮದ್ರಾಸ್ ಪ್ರಾಂತದಿಂದಲೂ ಇನ್ನೊಂದು ಮುಂಬಯಿ ಪ್ರಾಂತದಿಂದಲೂ ಒಂದೇ ವಾರದಲ್ಲಿ ಬಂದು ತಲುಪಿದವು.

ಈ ಬಂಡಾಯದಲ್ಲಿ ವತನ ಉಳಿಸಿಕೊಳ್ಳುವ ಹಂಬಲವೂ ಪರರ ಆಡಳಿತದ ಮೇಲಿನ ಸಿಟ್ಟೂ ಬೆರೆತಿದ್ದವು. 1857–58ರ ಹೋರಾಟದ ಅಲೆ ಕರ್ನಾಟಕವನ್ನು ಮುಟ್ಟಲಿಲ್ಲವೆಂಬ ಮಾತಿಗೆ ಮುಂಡರಗಿಯ ಬಂಡಾಯವು ಉತ್ತರವಾಗಿದೆ. ಕನ್ನಡ ನಾಡಿನ ಆರಂಭಿಕ ಸ್ವಾತಂತ್ರ್ಯ ಹೋರಾಟಗಾರರ ಸಾಲಿನಲ್ಲಿ ಭೀಮರಾಯನ ಹೆಸರನ್ನು ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಮತ್ತು ನರಗುಂದದ ಬಾಬಾಸಾಹೇಬರೊಂದಿಗೆ ಸ್ಮರಿಸಲಾಗುತ್ತದೆ.