ಗದ್ಯಭಾಗ ಓದಿ ಉತ್ತರಿಸಿ: ಒಂದು ಪ್ರಶ್ನೆಯ ಚರಿತ್ರೆ

ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಎಂದೂ ಓದಿರದ ಒಂದು ಗದ್ಯಭಾಗ, ಅದರ ಕೆಳಗೆ ಕೆಲವು ಪ್ರಶ್ನೆಗಳು. ವಿದ್ಯಾರ್ಥಿಗಳಿಗೆ ಇದು ಚಿರಪರಿಚಿತ. ಭಾಷಾ ಪರೀಕ್ಷೆಗಳು ಆರಂಭವಾದಂದಿನಿಂದಲೂ ಈ ಪ್ರಶ್ನೆ ಇದ್ದಿರಬೇಕೆಂದು ನಮಗೆ ತೋರುವುದು ಸಹಜ. ಆದರೆ ಅದು ಈಗಿನ ರೂಪ ತಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದು ಏಕೆ ಹುಟ್ಟಿತೆಂಬುದನ್ನು ತಿಳಿದರೆ ಹೇಗೆ ಉತ್ತರಿಸಬೇಕೆಂಬುದೂ ತಿಳಿಯುತ್ತದೆ.

ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯವು 1913ರಲ್ಲಿ ಪ್ರಾವೀಣ್ಯ ಪರೀಕ್ಷೆಯೊಂದನ್ನು ಆರಂಭಿಸಿತು. ಪರೀಕ್ಷೆಯ ಒಟ್ಟು ಅವಧಿ ಸುಮಾರು 12 ಗಂಟೆ. ಭಾಷಾಂತರ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ, ಉಕ್ತಲೇಖನ, ಸಂಭಾಷಣೆ ಎಲ್ಲವೂ ಇದ್ದವು. ಓದಿನ ಗ್ರಹಿಕೆಗೆಂದೇ ಪ್ರತ್ಯೇಕ ಪತ್ರಿಕೆ ಇರಲಿಲ್ಲ. ಆ ವರ್ಷ ಕುಳಿತವರು ಮೂವರು, ಒಬ್ಬರೂ ತೇರ್ಗಡೆಯಾಗಲಿಲ್ಲ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ಚಿಂತೆ ಮೂಡಿತ್ತು. ಒಂದೇ ಉತ್ತರಕ್ಕೆ ಒಬ್ಬ ಉಪಾಧ್ಯಾಯರು ಒಂದು ಅಂಕ, ಇನ್ನೊಬ್ಬರು ಮತ್ತೊಂದು ಅಂಕ ಕೊಡುತ್ತಿದ್ದರು. ಇದನ್ನು ಅಧ್ಯಯನ ಮಾಡಿದ್ದ ಫ್ರೆಡರಿಕ್ ಕೆಲ್ಲಿ ಎಂಬುವರು 1915ರ ಸುಮಾರಿಗೆ ಕಾನ್ಸಾಸ್‌ನಲ್ಲಿ ಮೌನ ವಾಚನ ಪರೀಕ್ಷೆಯನ್ನು ರೂಪಿಸಿದರು. ಪ್ರತಿ ಪ್ರಶ್ನೆಗೂ ಒಂದೇ ಸರಿ ಉತ್ತರ, ಓದಲು ನಿಗದಿತ ಕಾಲ. ಬಹು ಆಯ್ಕೆಯ ಪ್ರಶ್ನೆಯ ಮೂಲವನ್ನು ಇಲ್ಲಿ ಗುರುತಿಸುತ್ತಾರೆ.

1917ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಇನ್ನೂ ಮುಖ್ಯವಾದ ಸಂಗತಿಯೊಂದನ್ನು ತೋರಿಸಿಕೊಟ್ಟರು. ಫ್ರಾಂಕ್ಲಿನ್ ಎಂಬ ಊರಿನ ಶಾಲಾ ಹಾಜರಿಯ ನಿಯಮವನ್ನು ಹೇಳುವ ಒಂದು ಗದ್ಯಭಾಗವನ್ನು ಅವರು ಮಕ್ಕಳಿಗೆ ಕೊಟ್ಟರು. ಇದರ ವಿಷಯವೇನೆಂದು ಕೇಳಿದಾಗ ಕೆಲವರು ಊರಿನ ಹೆಸರನ್ನಷ್ಟೇ ಬರೆದರು! ಒಂದು ಪದ ಮನಸ್ಸನ್ನು ಸೆಳೆದುಕೊಂಡಿತ್ತು. ಉಳಿದ ಪದಗಳು ಹಿಂದೆ ಸರಿದಿದ್ದವು. ಓದುವುದೆಂದರೆ ಪ್ರತಿ ಪದಕ್ಕೂ ತಕ್ಕ ತೂಕ ಕೊಟ್ಟು ತರ್ಕಿಸುವುದು, ಅದು ಲೆಕ್ಕ ಬಿಡಿಸುವಂತಹ ಕೆಲಸ ಎಂದು ಅವರು ವಾದಿಸಿದರು.

ಮುಂದೆ 1964ರಲ್ಲಿ ಅಮೆರಿಕದ ಟೋಫೆಲ್ ಆರಂಭವಾಯಿತು. ಬ್ರಿಟನ್ನಿನಲ್ಲಿ 1980ರ ಈಎಲ್‌ಟಿಎಸ್ ಪರೀಕ್ಷೆ 1989ರಲ್ಲಿ ಐಇಎಲ್‌ಟಿಎಸ್ ಆಯಿತು. ಹೊರದೇಶದಲ್ಲಿ ಓದಬಯಸುವ ಕನ್ನಡದ ವಿದ್ಯಾರ್ಥಿಯೂ ಇಂದು ಇಂತಹ ಪರೀಕ್ಷೆಯನ್ನು ದಾಟಿಯೇ ಹೋಗಬೇಕಾಗುತ್ತದೆ. ಐಇಎಲ್‌ಟಿಎಸ್‌ನ ಉನ್ನತ ವ್ಯಾಸಂಗದ ವಾಚನ ಪತ್ರಿಕೆಯಲ್ಲಿ ಮೂರು ಗದ್ಯಭಾಗ, 40 ಪ್ರಶ್ನೆ, 60 ನಿಮಿಷ. ಒಂದು ಗದ್ಯಭಾಗದಲ್ಲೇ ಸಿಕ್ಕಿಕೊಂಡರೆ ಉಳಿದೆರಡಕ್ಕೆ ಕಾಲವಿರುವುದಿಲ್ಲ.

ಥಾರ್ನ್‌ಡೈಕ್ ಕಂಡ ತಪ್ಪು ಇಂದಿಗೂ ಅಂಕ ಕಳೆಯುತ್ತದೆ. ಗದ್ಯಭಾಗದಲ್ಲಿರುವ ಪದವೇ ಆಯ್ಕೆಯಲ್ಲಿ ಕಂಡರೆ ಕೈ ಅತ್ತ ಹೋಗುತ್ತದೆ. ಆದರೆ ಸರಿಯಾದ ಉತ್ತರ ಎಷ್ಟೋ ಸಲ ಬೇರೆ ಪದಗಳಲ್ಲಿರುತ್ತದೆ. 'ಅನ್‌ಲೆಸ್', 'ಎಕ್ಸೆಪ್ಟ್', 'ಓನ್ಲಿ' ಮೊದಲಾದ ಚಿಕ್ಕ ಪದಗಳೇ ಅರ್ಥವನ್ನು ತಿರುಗಿಸುತ್ತವೆ.

'ಸರಿ, ತಪ್ಪು, ಹೇಳಿಲ್ಲ' ಎಂಬ ಬಗೆಯ ಪ್ರಶ್ನೆಯನ್ನೇ ನೋಡೋಣ. ಭಾನುವಾರ ಬಿಟ್ಟು ಉಳಿದ ದಿನ ಗ್ರಂಥಾಲಯ ತೆರೆದಿರುತ್ತದೆ ಎಂದು ಗದ್ಯಭಾಗ ಹೇಳುತ್ತದೆ ಎನ್ನಿ. ಗ್ರಂಥಾಲಯಕ್ಕೆ ರಜೆಯೇ ಇಲ್ಲ ಎಂಬ ಹೇಳಿಕೆ ತಪ್ಪು; ಗದ್ಯಭಾಗ ಅದನ್ನು ಅಲ್ಲಗಳೆಯುತ್ತದೆ. ಅಲ್ಲಿ ಸದಸ್ಯತ್ವ ಉಚಿತ ಎಂಬ ಹೇಳಿಕೆಗೆ 'ಹೇಳಿಲ್ಲ' ಎಂಬುದೇ ಉತ್ತರ. ನಮ್ಮ ಊರಿನ ಗ್ರಂಥಾಲಯದ ವಿಷಯ ನಮಗೆ ಗೊತ್ತಿದ್ದರೂ ಅದನ್ನು ಇಲ್ಲಿಗೆ ತರಬಾರದು.

ಆದ್ದರಿಂದ ಮೊದಲು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ. ಬಳಿಕ ಗದ್ಯಭಾಗದ ಒಟ್ಟು ಆಶಯ ಹಿಡಿಯಿರಿ. ಉತ್ತರವಿರುವ ವಾಕ್ಯವನ್ನು ಕಂಡುಕೊಂಡು ಅದನ್ನು ಪೂರ್ತಿ ಓದಿ, ಅದರ ಹಿಂದಿನ ಮುಂದಿನ ವಾಕ್ಯಗಳನ್ನೂ ನೋಡಿ. ಪದವೊಂದು ತಿಳಿಯದಿದ್ದರೆ ಗಾಬರಿ ಬೇಡ. ಸುತ್ತಲ ಮಾತು ಅರ್ಥದ ಸುಳಿವು ಕೊಡುತ್ತದೆ. ಪತ್ರಿಕೆ, ಕರಾರುಪತ್ರ, ಸರ್ಕಾರಿ ಸುತ್ತೋಲೆ ಯಾವುದನ್ನು ಓದುವಾಗಲೂ ಈ ಅಭ್ಯಾಸ ಕೈಹಿಡಿಯುತ್ತದೆ.