ಎಂಡಿ, ಡಿಒ: ಅಮೆರಿಕದಲ್ಲಿ ಯಾವ ಮೆಡಿಕಲ್ ಸೀಟು ಸುಲಭ?

2020ರ ಅಕ್ಟೋಬರಿನಲ್ಲಿ ಡೊನಾಲ್ಡ್ ಟ್ರಂಪ್‌ಗೆ ಕೋವಿಡ್ ಬಂದಾಗ ಆಸ್ಪತ್ರೆ ಮುಂದೆ ನಿಂತು ಪತ್ರಕರ್ತರಿಗೆ ವಿವರ ಕೊಟ್ಟವರು ಅಧ್ಯಕ್ಷರ ವೈದ್ಯ ಶಾನ್ ಕಾನ್ಲಿ. ಅವರ ಹೆಸರಿನ ಜೊತೆ ಎಂಡಿ ಬದಲು ಡಿಒ ಅಂತಿತ್ತು. ‘ಇವರು ನಿಜವಾದ ಡಾಕ್ಟರೇನಾ?’ ಅಂತ ಚರ್ಚೆ ಶುರುವಾಯಿತು. ನಿಜವಾದ ಡಾಕ್ಟರೇ. ಅವರ ನಂತರ ಜೋ ಬೈಡನ್‌ಗೆ ವೈದ್ಯರಾಗಿದ್ದ ಕೆವಿನ್ ಓಕಾನರ್ ಕೂಡ ಡಿಒ. ಆದರೂ ಎಂಡಿ ಸೀಟು ಸಿಗದವರು ಡಿಒಗೆ ಹೋಗ್ತಾರೆ ಅನ್ನೋ ಮಾತು ಅಮೆರಿಕದಲ್ಲಿ ಇನ್ನೂ ಹೋಗಿಲ್ಲ. ಅಲ್ಲಿ ಮಕ್ಕಳಿರುವ ಕನ್ನಡಿಗರ ಮನೆಗಳಲ್ಲೂ ನಾನಿದನ್ನು ಕೇಳಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಎಂಡಿ ಅಂದರೆ ಎಂಬಿಬಿಎಸ್ ನಂತರದ ಪದವಿ. ಅಮೆರಿಕದಲ್ಲಿ ಅದು ವೈದ್ಯರ ಮೊದಲ ಪದವಿ, ಡಿಒ ಅದಕ್ಕೆ ಸಮಾನ. ಎರಡೂ ನಾಲ್ಕು ವರ್ಷ. ಔಷಧಿ ಬರೆಯುವುದಕ್ಕೂ ಸರ್ಜರಿ ಮಾಡುವುದಕ್ಕೂ ಇಬ್ಬರಿಗೂ ಒಂದೇ ಅಧಿಕಾರ. ಡಿಒ ವಿದ್ಯಾರ್ಥಿಗಳು ಹೆಚ್ಚುವರಿಯಾಗಿ ಕೈಯಿಂದ ಮೂಳೆ, ಸ್ನಾಯುಗಳಿಗೆ ಚಿಕಿತ್ಸೆ ಕೊಡುವುದನ್ನು ಕಲೀತಾರೆ. ಬ್ರಿಟನ್‌ನಲ್ಲಿ ‘ಆಸ್ಟಿಯೋಪಾತ್’ ಅಂದರೆ ವೈದ್ಯರಲ್ಲ, ಇದು ಬೇರೆ.

ಈಗ ಅಂಕಗಳಿಗೆ ಬರೋಣ. ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ಅಂಕ 472ರಿಂದ 528ರವರೆಗೆ. 2023ರಲ್ಲಿ ಎಂಡಿ ಕಾಲೇಜು ಸೇರಿದವರ ಸರಾಸರಿ 512ರ ಹತ್ತಿರ, ಪದವಿಯ ಜಿಪಿಎ ನಾಲ್ಕಕ್ಕೆ 3.77. ಡಿಒ ಸೇರುವವರದು ಸುಮಾರು 504, ಜಿಪಿಎ 3.6ರ ಆಸುಪಾಸು. ಅಂಕದ ಲೆಕ್ಕದಲ್ಲಿ ಡಿಒ ಸೀಟು ಸುಲಭ ಅನ್ನೋದು ಸುಳ್ಳಲ್ಲ.

ಆದರೆ ‘ಸುಲಭ’ ಅನ್ನೋ ಪದವನ್ನು ಸ್ವಲ್ಪ ಜಾಗ್ರತೆಯಿಂದ ಬಳಸಬೇಕು. ಆ ವರ್ಷ ಎಂಡಿಗೆ ಅರ್ಜಿ ಹಾಕಿದವರು 52,000ಕ್ಕೂ ಹೆಚ್ಚು, ಸೇರಿದವರು ಸುಮಾರು 23,000. ಅರ್ಧಕ್ಕಿಂತ ಹೆಚ್ಚು ಜನರಿಗೆ ಸೀಟಿಲ್ಲ. ಎರಡೂ ಕಡೆ ಅರ್ಜಿ ಹಾಕಿ, ಎಂಡಿ ಸಿಕ್ಕಿದ ಕೂಡಲೇ ಡಿಒ ಬಿಟ್ಟು ಹೋಗುವವರು ಬಹಳ. ಹಾಗಾಗಿ ಎರಡೂ ಕಡೆಯ ‘ಆಯ್ಕೆ ಪ್ರಮಾಣ’ವನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡೋದರಲ್ಲಿ ಅರ್ಥವಿಲ್ಲ. 2017ರವರೆಗೆ ಡಿಒ ಅರ್ಜಿಯಲ್ಲಿ ಒಂದು ಅನುಕೂಲವೂ ಇತ್ತು: ಫೇಲಾದ ವಿಷಯವನ್ನು ಮತ್ತೆ ಓದಿ ಪಾಸಾದರೆ ಹಳೆಯ ಅಂಕ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಡವಿ ಎದ್ದವರಿಗೆ ಇದ್ದ ಆ ಬಾಗಿಲನ್ನೂ ಮುಚ್ಚಿದರು.

ಈ ಮೇಲುಕೀಳು ಪ್ರತಿಭೆಯಿಂದಷ್ಟೇ ಹುಟ್ಟಿದ್ದಲ್ಲ, ಅದಕ್ಕೆ ರಾಜಕೀಯದ ಇತಿಹಾಸವಿದೆ. ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಆಸ್ಟಿಯೋಪತಿ ಶಾಲೆ ತೆರೆದರು. ಎಂಡಿಗಳ ಸಂಘಟನೆಯಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ದಶಕಗಳ ಕಾಲ ಇವರನ್ನು ಒಂದು ‘ಪಂಥ’ ಎಂದೇ ದೂರವಿಟ್ಟಿತ್ತು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ತಮಾಷೆಯಂತಿದೆ: 65 ಡಾಲರ್ ಕಟ್ಟಿ ಸುಮಾರು 2,000 ಡಿಒಗಳು ಎಂಡಿಗಳಾದರು! ಹೊಸದಾಗಿ ಡಿಒಗಳಿಗೆ ಪರವಾನಗಿ ಕೊಡೋದನ್ನು ರಾಜ್ಯ ನಿಲ್ಲಿಸಿತು. 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಧ್ಯೆ ಬರಬೇಕಾಯಿತು. ಅದೇ ಓದು, ಅದೇ ಕೈ, ಎರಡಕ್ಷರ ಮಾತ್ರ ಬೇರೆ.

ಹಾಗಂತ ಡಿಒ ಕಾಲೇಜುಗಳನ್ನು ಹೊಗಳಿ ಕೂರುವುದೂ ನನಗೆ ಒಪ್ಪಿಗೆಯಿಲ್ಲ. ಅವುಗಳಲ್ಲಿ ಬಹುಪಾಲು ಖಾಸಗಿ. ಎಷ್ಟೋ ಕಾಲೇಜುಗಳಿಗೆ ಸ್ವಂತ ಆಸ್ಪತ್ರೆ ಇಲ್ಲ, ಕ್ಲಿನಿಕಲ್ ತರಬೇತಿಗೆ ವಿದ್ಯಾರ್ಥಿಗಳು ಊರೂರು ಅಲೆಯಬೇಕು. ಕೊಲರಾಡೋದ ರಾಕಿ ವಿಸ್ಟಾ ಲಾಭಕ್ಕಾಗಿಯೇ ಶುರುವಾದ ಕಾಲೇಜು. ಕಡಿಮೆ ಅಂಕದವರಿಗೆ ಸಿಗುವ ಸೀಟು ಸಾಲದ ಲೆಕ್ಕದಲ್ಲಿ ಸುಲಭವೇನಲ್ಲ. ಎಂಕ್ಯಾಟ್ ಕೋಚಿಂಗ್, ಸಂಬಳವಿಲ್ಲದ ಸ್ವಯಂಸೇವೆ, ಪ್ರತಿ ಕಾಲೇಜಿಗೂ ಅರ್ಜಿ ಶುಲ್ಕ, ಇದೆಲ್ಲ ಯಾರಿಗೆ ಸಾಧ್ಯ ಅಂತ ಯೋಚಿಸಿ. ಆ 512 ಮತ್ತು 504ರ ನಡುವೆ ಅಪ್ಪಅಮ್ಮನ ಬ್ಯಾಂಕ್ ಖಾತೆಯೂ ಇದೆ ಅನ್ನೋದು ನನ್ನ ವಾದ.

ಪ್ರವೇಶಕ್ಕಿಂತ ದೊಡ್ಡ ವ್ಯತ್ಯಾಸ ಓದು ಮುಗಿಯುವಾಗ ಗೊತ್ತಾಗುತ್ತೆ. 2020ಕ್ಕೆ ಎರಡೂ ಕಡೆಯ ರೆಸಿಡೆನ್ಸಿ ವ್ಯವಸ್ಥೆ ಒಂದಾಯಿತು. ಡಿಒಗಳಿಗೆ ಎಲ್ಲ ಬಾಗಿಲೂ ತೆರೆಯಿತು, ನಿಜ. ಆದರೆ ಅವರಿಗೆಂದೇ ಮೀಸಲಿದ್ದ ಸ್ಥಾನಗಳೂ ಹೋದವು. 2024ರಲ್ಲಿ ಎಂಡಿ ಅಂತಿಮ ವರ್ಷದವರಲ್ಲಿ ಶೇ. 93.5 ಮಂದಿಗೆ, ಡಿಒಗಳಲ್ಲಿ ಶೇ. 92.3 ಮಂದಿಗೆ ರೆಸಿಡೆನ್ಸಿ ಸಿಕ್ಕಿತು. ಒಟ್ಟು ಲೆಕ್ಕದಲ್ಲಿ ಅಂತರವೇ ಇಲ್ಲ ಅನ್ನಬಹುದು. ನ್ಯೂರೋಸರ್ಜರಿ, ಚರ್ಮರೋಗ, ಪ್ಲಾಸ್ಟಿಕ್ ಸರ್ಜರಿಗಳಲ್ಲಿ ಮಾತ್ರ ಡಿಒಗಳು ಇವತ್ತಿಗೂ ಕಡಿಮೆ. ತಮ್ಮ ಪರೀಕ್ಷೆ ಕಾಮ್ಲೆಕ್ಸ್ ಜೊತೆಗೆ ಎಂಡಿಗಳ ಯುಎಸ್‌ಎಂಎಲ್‌ಇಯನ್ನೂ ಎಷ್ಟೋ ಡಿಒ ವಿದ್ಯಾರ್ಥಿಗಳು ಬರೀತಾರೆ, ಎರಡಕ್ಕೂ ಶುಲ್ಕ ಕಟ್ಟಿ.

ಇತ್ತ ಹಳ್ಳಿ, ಸಣ್ಣ ಊರುಗಳಿಗೆ ಬೇಕಾಗಿರೋದು ಫ್ಯಾಮಿಲಿ ಡಾಕ್ಟರುಗಳು. ಡಿಒಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇರೋದು ಅಂಥ ಪ್ರಾಥಮಿಕ ಚಿಕಿತ್ಸೆಯಲ್ಲೇ.