ಬಣ್ಣದ ಲೋಕದ ಕಾದಂಬರಿ ಓದಿದರೆ ತಲೆ ಕೆಡುತ್ತದೆಯೇ?

ಶ್ರೀಮಂತರ ಬಂಗಲೆ, ತಾರೆಯರ ಜಗಳ, ಮೋಸ, ಸೇಡು ತುಂಬಿದ ಕಾದಂಬರಿಗಳು ಓದುಗರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕೆಡಿಸುತ್ತವೆ ಎಂಬ ಮಾತು ಹೊಸದಲ್ಲ. ಯುರೋಪಿನಲ್ಲಿ 18ನೇ ಶತಮಾನದಲ್ಲೇ ಹೀಗೆ ಹೆದರಿಸುತ್ತಿದ್ದರು.

ಜಾಕ್ವೆಲಿನ್ ಸುಸಾನ್ ಬರೆದ ‘ವ್ಯಾಲಿ ಆಫ್ ದ ಡಾಲ್ಸ್’ (1966) ನೋಡಿ. ಹೆಸರಿನಲ್ಲಿರುವ ‘ಡಾಲ್ಸ್’ ಬೊಂಬೆಗಳಲ್ಲ, ಮಾತ್ರೆಗಳು. ನ್ಯೂಯಾರ್ಕ್ ಮತ್ತು ಹಾಲಿವುಡ್‌ನಲ್ಲಿ ಹೆಸರು ಮಾಡುವ ಮೂವರು ಯುವತಿಯರು ಮಾತ್ರೆಗಳ ಗೀಳಿಗೆ ಬೀಳುವ ಕಥೆ ಅದು. ಅಂದರೆ ಓದುಗರಿಗೆ ಸಿಗುವುದು ಬರೀ ಥಳುಕಲ್ಲ. ದೊಡ್ಡವರ ಮನೆಯಲ್ಲೂ ಕಣ್ಣೀರಿದೆ ಎಂಬ ಸಮಾಧಾನವೂ ಹೌದು!

ಹಾಗಾದರೆ ಓದುವವರು ಏನನ್ನು ಮರೆಯಲು ಓದುತ್ತಾರೆ? ಅಮೆರಿಕದ ಸಂಶೋಧಕಿ ಜಾನಿಸ್ ರಾಡ್‌ವೇ ಒಂದು ಊರಿನ ಪ್ರೇಮಕಾದಂಬರಿ ಓದುಗರನ್ನೇ ಮಾತನಾಡಿಸಿ 1984ರಲ್ಲಿ ಪುಸ್ತಕ ಬರೆದರು. ಹೆಚ್ಚಿನವರು ಗಂಡ, ಮಕ್ಕಳಿರುವ ಗೃಹಿಣಿಯರು. ಕಥೆ ನಿಜವಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕ ಹಿಡಿದು ಕುಳಿತ ಆ ಹೊತ್ತು ಮಾತ್ರ ತಮ್ಮದು, ಆಗ ಯಾರ ಕೆಲಸವನ್ನೂ ಮಾಡಬೇಕಿಲ್ಲ ಎಂಬುದೇ ಅವರಿಗೆ ಮುಖ್ಯವಾಗಿತ್ತು. ನಮ್ಮ ಮನೆಗಳಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಕಥೆಯಲ್ಲಿ ಮುಳುಗಿದಾಗ ಅದರಲ್ಲಿನ ತಪ್ಪು ಮಾಹಿತಿಯೂ ನಿಜವೆಂಬಂತೆ ನೆನಪಿನಲ್ಲಿ ಉಳಿಯಬಹುದು ಎಂದು ಮನೋವಿಜ್ಞಾನದ ಪ್ರಯೋಗಗಳು ತೋರಿಸಿವೆ. ತಲೆಗೆ ಪೆಟ್ಟು ಬಿದ್ದು ಹೋದ ನೆನಪು ಇನ್ನೊಂದು ಪೆಟ್ಟಿನಿಂದ ಮರಳುವುದು ಕಥೆಯಲ್ಲಿ ಮಾತ್ರ. ನಿಜದಲ್ಲಿ ಎರಡನೇ ಪೆಟ್ಟು ಮಿದುಳಿಗೆ ಇನ್ನಷ್ಟು ಹಾನಿ ಮಾಡುತ್ತದೆ. ಮೊದಲ ಪೆಟ್ಟಿಗೇ ಆಸ್ಪತ್ರೆಗೆ ಹೋಗಬೇಕು.